ಅಕ್ಕ ನುಂಗಿದ ಗುಳಿಗೆ ಯಾವುದು?

ಔಷಧ ಪ್ರಯೋಗಗಳ ಮೇಲ್ವಿಚಾರಣೆಯ ಭಾರ ಹೊತ್ತಿರುವ ಮುಖ್ಯಾಧಿಕಾರಿಗಳೇ,

ನನ್ನ ಅಕ್ಕ ಏಳು ತಿಂಗಳು ನುಂಗಿದ ಗುಳಿಗೆಯಲ್ಲಿ ಔಷಧಿ ಇತ್ತೋ, ಬರೀ ಹಿಟ್ಟಿತ್ತೋ? ಒಂದು ಪದದ ಉತ್ತರ ಸಾಕಿತ್ತು. ತಮ್ಮ ಕಚೇರಿ ನಾಲ್ಕು ಪತ್ರ ಬರೆದು ಆ ಒಂದು ಪದವನ್ನು ಮಾತ್ರ ಜಾಣತನದಿಂದ ತಪ್ಪಿಸಿದೆ. ಇಷ್ಟು ಶ್ರಮಪಟ್ಟು ಏನನ್ನೂ ಹೇಳದಿರುವ ಕಲೆ ಎಲ್ಲರಿಗೂ ಒಲಿಯುವುದಿಲ್ಲ, ಅಭಿನಂದನೆಗಳು.

ಅಕ್ಕ ದರ್ಜಿ. ಆಸ್ಪತ್ರೆಯೊಂದರ ದಾದಿಯರ ಸಮವಸ್ತ್ರ ಹೊಲಿಯುತ್ತಿದ್ದವಳು ಹೊಟ್ಟೆಯ ಕ್ಯಾನ್ಸರ್ ಬಂದು ಅದೇ ಆಸ್ಪತ್ರೆಗೆ ರೋಗಿಯಾಗಿ ಹೋದಳು. ಹೊಸ ಗುಳಿಗೆಯ ಪ್ರಯೋಗಕ್ಕೆ ಸೇರುತ್ತೀರಾ ಎಂದು ವೈದ್ಯೆ ಕೇಳಿದರು. ಮಾಮೂಲಿ ಚಿಕಿತ್ಸೆ ಎಲ್ಲರಿಗೂ ಉಂಟು. ಜೊತೆಗೆ ಅರ್ಧ ಜನಕ್ಕೆ ಹೊಸ ಔಷಧಿ, ಉಳಿದವರಿಗೆ ನೋಡಲು ಹಾಗೇ ಇರುವ ಖಾಲಿ ಗುಳಿಗೆ. ಯಾರಿಗೆ ಯಾವುದೆಂದು ವೈದ್ಯರಿಗೂ ಗೊತ್ತಿರದು. ಇಪ್ಪತ್ತೆರಡು ಪುಟದ ಒಪ್ಪಿಗೆ ಪತ್ರವನ್ನು ಅಕ್ಕ ಬೆರಳಿಟ್ಟು ಓದಿದಳು. ನಾನು ಬೇಡವೆಂದೆ.

"ನೀನೊಬ್ಬ! ಬಟ್ಟೆಗೆ ಕತ್ತರಿ ಹಾಕೋ ಮುಂಚೆ ಕಾಗದ ಕತ್ತರಿಸಿ ನೋಡಲ್ವಾ? ಯಾರಾದ್ರೂ ಆ ಕಾಗದ ಆಗ್ಲೇಬೇಕಲ್ಲ," ಎಂದು ಸಹಿ ಹಾಕಿಬಿಟ್ಟಳು.

ಆಸ್ಪತ್ರೆಯವರು ಕೊಟ್ಟ ಪುಸ್ತಕದಲ್ಲಿ ಗುಳಿಗೆ ನುಂಗಿದ ಹೊತ್ತು, ವಾಂತಿ, ತೂಕ ಎಲ್ಲವನ್ನೂ ಬರೆದಿಟ್ಟಳು. ಸೊಂಟದ ಸುತ್ತಳತೆಗೆ ಅದರಲ್ಲಿ ಜಾಗವಿರಲಿಲ್ಲ. ಟೇಪು ಹಿಡಿದು ಅಳೆದು ಅಂಚಿನಲ್ಲಿ ಬರೆದಳು. ಒಂದು ಬೆಳಗ್ಗೆ ಆಸ್ಪತ್ರೆಯಿಂದ ಫೋನು: "ಪ್ರಯೋಗ ನಿಂತಿದೆ. ಉಳಿದ ಗುಳಿಗೆ, ಪುಸ್ತಕ ವಾಪಸ್ ತನ್ನಿ." ಯಾಕೆಂದು ಫೋನು ಮಾಡಿದವರಿಗೂ ತಿಳಿಯದು. ಅಕ್ಕ ಹದಿಮೂರು ಗುಳಿಗೆ ಎಣಿಸಿ ಕೊಟ್ಟಳು. "ನನಗೆ ಕೊಟ್ಟಿದ್ದು ಯಾವುದು ಅಂತ ಕೇಳ್ಕೊಂಡು ಬಾರೋ," ಎಂದಳು. ನಾನು ಕೇಳುತ್ತಲೇ ಇದ್ದೆ. ಹತ್ತು ವಾರಕ್ಕೆ ಅವಳು ಹೋದಳು.

ಆಮೇಲೂ ತಮ್ಮ ಕಚೇರಿಗೆ ಬಂದೆ. ಕಿಟಕಿಯಾಚೆಯ ಗುಮಾಸ್ತರು ಮುಖವೆತ್ತದೆ ಹೇಳಿದರು: "ಭಾಗವಹಿಸಿದೋರಿಗೆ ಮಾತ್ರ ಹೇಳೋದು. ಅವ್ರನ್ನೇ ಕಳಿಸಿ."

"ಅವಳು ತೀರ್ಕೊಂಡಳು."

"ಹಾಗಾದ್ರೆ ಕಷ್ಟ."

ನಿಜ, ಅಕ್ಕನಿಗೂ ಸ್ವಲ್ಪ ಕಷ್ಟವೇ ಆಗಿತ್ತು.

ಸತ್ತವರನ್ನು ಬಿಡಿ. ಅದೇ ವಾರ್ಡಿನಲ್ಲಿ, ಅದೇ ಪ್ರಯೋಗದಲ್ಲಿ ಒಬ್ಬ ಬಡಗಿಯಿದ್ದರು. ಅವರು ಬದುಕಿದ್ದಾರೆ, ಗಡ್ಡೆ ಮತ್ತೆ ಬೆಳೆಯುತ್ತಿದೆ. ಹೊಸ ಔಷಧಿಯನ್ನು ಆಗಲೇ ತೆಗೆದುಕೊಂಡಿದ್ದರೆ ಅದೇ ಜಾತಿಯ ಇನ್ನೊಂದು ಔಷಧಿ ಕೊಟ್ಟು ಪ್ರಯೋಜನವಿಲ್ಲ, ಮೊದಲು ವಿಚಾರಿಸಿ ಬನ್ನಿ ಎಂದು ವೈದ್ಯೆ ಕಳುಹಿಸಿದರೆ, ಅಂತಿಮ ವರದಿ ಸಿದ್ಧವಾಗಲೆಂದು ತಾವು ಅಪ್ಪಣೆ ಕೊಡಿಸಿದಿರಿ. ವರದಿಗೆ ಎರಡು ವರ್ಷವಂತೆ! ಸತ್ತವರಿಗೆ ಸತ್ತಿದ್ದಾರೆಂದು ಉತ್ತರವಿಲ್ಲ, ಬದುಕಿರುವವರಿಗೆ ಇನ್ನೂ ಬದುಕಿದ್ದಾರೆಂದು ಉತ್ತರವಿಲ್ಲ. ಹಾಗಾದರೆ ತಮ್ಮ ಉತ್ತರಕ್ಕೆ ಅರ್ಹರು ಯಾವ ಸ್ಥಿತಿಯಲ್ಲಿರಬೇಕು, ಸ್ವಾಮಿ?

ಪ್ರಯೋಗ ಸೋತೇ ನಿಂತಿದ್ದರೂ ಅದಕ್ಕೆ ನನ್ನ ತಕರಾರಿಲ್ಲ. ಸೋಲದೆ ಔಷಧಿ ಹುಟ್ಟದು ಎಂಬುದನ್ನು ದರ್ಜಿಯಾದ ಅಕ್ಕನೇ ಬಲ್ಲವಳಾಗಿದ್ದಳು. ಆದರೆ ಮೈಯೊಡ್ಡಿದವರಿಗೆ ಮೈಯೊಳಗೆ ಹೋದದ್ದೇನೆಂದು ತಿಳಿಯುವ ಹಕ್ಕಿಲ್ಲವೇ?

ಬರುವ ಗುರುವಾರ ಬಡಗಿ ವೈದ್ಯೆಯ ಎದುರು ಕೂರಬೇಕು. ಅಷ್ಟರೊಳಗೆ ಅವರಿಗೆ ಕೊಟ್ಟದ್ದು ಯಾವುದೆಂದು ಬರವಣಿಗೆಯಲ್ಲಿ ತಿಳಿಸಿ. ಅಕ್ಕನ ಸರದಿ ಆಮೇಲೆ ಬರಲಿ. ಅವಳಿಗೆ ಈಗ ಅವಸರವಿಲ್ಲ.

ಇಂತಿ,
ತಮ್ಮ ಕಡತದ ಪ್ರಕಾರ ಯಾರೂ ಅಲ್ಲದ,
ಅವಳ ತಮ್ಮ