ನೋವಿಲ್ಲದವರ ಪರೀಕ್ಷೆ

ಹಳದೀಪುರ
ತಾ. 16-11-1983

ಪ್ರೀತಿಯ ತಮ್ಮ ಜಟ್ಟನಿಗೆ ಅಕ್ಕ ಮಾಡುವ ಆಶೀರ್ವಾದ.

ಹೇಗಿದ್ದೀಯ? ಗಣಪಿ, ಮಕ್ಕಳು ಆರಾಮವೇ? ಮುಂಬಯಿ ಧಕ್ಕೆಯಲ್ಲಿ ಬೋಟಿನ ಕೆಲಸ ಸರಿಯಾಗಿ ನಡೆದಿದೆಯೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಬರೀ ಚಾ ಕುಡಿದು ದಿನ ದೂಡುತ್ತೀಯೋ? ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆದಿದ್ದೇನೆ ಎಂದೇ ತಿಳಿದುಕೋ.

ನಿನ್ನ ಕಾಗದ ಓದಿ ನನಗೆ ಮೈಯೆಲ್ಲ ಉರಿಯಿತು. "ನಂಗೆ ಹೊಟ್ಟೆನೋವಿಲ್ಲ, ಎಂತದೂ ಇಲ್ಲ, ಪರೀಕ್ಷೆ ಎಂತಕ್ಕೆ" ಎಂದು ಬರೆದಿದ್ದೀಯಲ್ಲ, ನಮ್ಮ ಶನಿಯಾರಣ್ಣನೂ ಇದೇ ಮಾತು ಹೇಳುತ್ತಿದ್ದ. ರಕ್ತ ಕಂಡ ಮೇಲೂ ಮೂಲವ್ಯಾಧಿ ಎಂದುಕೊಂಡು ಬೇರು ಅರೆದು ಕುಡಿದ. ಕಟ್ಟಿಕೊಂಡ ಹೆಂಡತಿಗೂ ನಾಚಿಕೆಯಿಂದ ಹೇಳಲಿಲ್ಲ ಪುಣ್ಯಾತ್ಮ. ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗುವಾಗ ಆಳು ಅರ್ಧ ಆಗಿದ್ದ. ಅವನು ಹೋಗಿ ಇನ್ನೂ ವರ್ಷ ತುಂಬಲಿಲ್ಲ. ಅವ್ವನೂ ಹೊಟ್ಟೆಯ ಬೇನೆಯಲ್ಲೇ ಹೋದವಳು ಎಂದಾಗ ಹೊನ್ನಾವರದ ಡಾಕ್ಟರು, ಹಾಗಾದರೆ ಒಡಹುಟ್ಟಿದವರೆಲ್ಲ ಮಲ ಪರೀಕ್ಷೆ ಮಾಡಿಸಿಕೊಳ್ಳಿ, ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ಅದರ ಮೇಲೆ ಔಷಧಿಯ ಹನಿ ಬಿಟ್ಟರೆ ನೀಲಿ ಬಣ್ಣ ಬಂದು ತೋರಿಸುತ್ತದೆ ಎಂದರು. ಒಡಹುಟ್ಟಿದವರಲ್ಲಿ ಈಗ ಉಳಿದವರು ನಾನು, ನೀನು ಇಬ್ಬರೇ.

ನಾನಂತೂ ಮಾಡಿಸಿದೆ. ಅದರ ಫಜೀತಿ ಕೇಳು. ಪರೀಕ್ಷೆಗೆ ಮೊದಲು ಮೂರು ದಿನ ಮೀನು, ಮಾಂಸ, ಮೂಲಂಗಿ ಮುಟ್ಟಬಾರದಂತೆ. ತಲೆಯ ಮೇಲೆ ಬುಟ್ಟಿ ತುಂಬ ಬಂಗಡೆ ಹೊತ್ತು ಊರೆಲ್ಲ ಮಾರಿಬಂದು ಮನೆಯಲ್ಲಿ ಬರೀ ಗಂಜಿ ಉಂಡೆ. ಕೇರಿಯವರು ಯಾವ ದೇವರಿಗೆ ಹರಕೆ ಎಂದು ಕೇಳಿದರು. ಮಲದ ಸುದ್ದಿ ಹೇಳುವುದು ಹೇಗೆ, ಹರಕೆಯೇ ಎಂದುಬಿಟ್ಟೆ. ಅದನ್ನು ಖಾಲಿ ಬೆಂಕಿಪೊಟ್ಟಣದಲ್ಲಿ ಇಟ್ಟು ತರಲು ಹೇಳಿದ್ದರು. ಬಸ್ಸಿನಲ್ಲಿ ಪಕ್ಕದವನು ಬೀಡಿ ಹಚ್ಚಲು ಆ ಪೊಟ್ಟಣವನ್ನೇ ಕೇಳಬೇಕೇ! ಕೊಡುವುದಿಲ್ಲ ಎಂದದ್ದಕ್ಕೆ ಹೊನ್ನಾವರ ಬರುವವರೆಗೂ ನನ್ನನ್ನು ಜಿಪುಣಿ ಎಂದು ಬೈದ.

ಪರೀಕ್ಷೆಯಲ್ಲಿ ರಕ್ತ ಇದೆ ಎಂದು ಬಂತು. ಪರೀಕ್ಷೆ ಮಾಡುವ ಅನಂತಮೂರ್ತಿ ಏನೇನು ಉಂಡೆ ಎಂದು ಕೇಳಿದರು. ಗಂಜಿ, ಉಪ್ಪಿನಕಾಯಿ, ಸೊಸೆ ಬಂಗಾರಿ ಕೆಂಡದಲ್ಲಿ ಸುಟ್ಟುಕೊಟ್ಟ ಒಣಬಂಗಡೆಯ ಚೂರು ಎಂದೆ. ಆ ಮನುಷ್ಯ ಹಣೆ ಹಣೆ ಚಚ್ಚಿಕೊಂಡರು. ನೀನೇ ಹೇಳು, ನಮ್ಮಲ್ಲಿ ಒಣಮೀನನ್ನು ಮೀನಿನ ಲೆಕ್ಕಕ್ಕೆ ಹಿಡಿಯುವವರು ಯಾರಿದ್ದಾರೆ? ಯಾವ ಮೀನು ತಿಂದರೂ ಪರೀಕ್ಷೆ ಸುಳ್ಳು ತೋರಿಸಬಹುದಂತೆ. ಪುನಃ ಮೂರು ದಿನ ಗಂಜಿ. ಈ ಸಲ ಬಂಗಾರಿ ಒಣಮೀನಿನ ಡಬ್ಬಿಯನ್ನೇ ಪಕ್ಕದ ಮನೆಯಲ್ಲಿ ಇಟ್ಟುಬಂದಳು. ನಿನ್ನೆ ಕೊಟ್ಟುಬಂದೆ, ನಾಳೆ ಹೇಳುತ್ತಾರೆ. ಎಲ್ಲ ಆ ಬಂಗಡೆಯದೇ ಕಿತಾಪತಿ ಎಂದು ಬಂಗಾರಿ ನಗುತ್ತಾಳೆ, ನಾನೂ ನಗುತ್ತೇನೆ. ಆದರೆ ಕೂತಲ್ಲಿ ಕೂರಲು ಆಗುವುದಿಲ್ಲ ತಮ್ಮಾ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತೇನೆ. ಇವತ್ತು ಸಿಗಡಿ ಕೇಳಿದವರಿಗೆ ತಾರಲೆ ಮೀನು ಕೊಟ್ಟು ಬೈಸಿಕೊಂಡೆ. ನಾಳೆ ಬೇಗ ಬರಲಿ ಅನಿಸುತ್ತದೆ, ಬರುವುದೇ ಬೇಡ ಅಂತಲೂ ಅನಿಸುತ್ತದೆ.

ನನ್ನ ಅಕ್ಷರ ನೋಡಿ ನಗಬೇಡ, ನಾಲ್ಕನೇ ಇಯತ್ತೆ ಕಲಿತವಳು ಇಷ್ಟು ಬರೆದದ್ದೇ ದೊಡ್ಡದು. ಗಣಪಿಗೆ ಕೇಳಿದೆನೆಂದು ಹೇಳು. ಮಕ್ಕಳ ತಲೆ ಸವರು. ಗಾಳಿ ಜೋರಿದ್ದ ದಿನ ಕಡಲಿಗೆ ಇಳಿಯಬೇಡ. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಮಾಸ್ತಮ್ಮ

ತಾ.ಕ.: ಕಾಗದ ಅಂಟಿಸದೆ ಇಟ್ಟುಕೊಂಡಿದ್ದೆ. ಈಗಷ್ಟೇ ಹೊನ್ನಾವರದಿಂದ ಬಂದೆ, ಟಪಾಲಿನ ಹೊತ್ತಾಯಿತು. ಈ ಸಲವೂ ನೀಲಿಯೇ ಬಂತು. ತಪ್ಪನ್ನು ಬಂಗಡೆಯ ಮೇಲೆ ಹಾಕಲು ಆಗುವುದಿಲ್ಲ. ಕ್ಯಾನ್ಸರೇ ಎಂದಲ್ಲ, ಒಳಗೆ ಸಣ್ಣ ಗಾಯವೂ ಇರಬಹುದು, ಮಂಗಳೂರಿನಲ್ಲಿ ನಳಿಗೆ ಹಾಕಿ ನೋಡಬೇಕು ಎಂದರು ಡಾಕ್ಟರು. ಸೋಮವಾರ ಬಂಗಾರಿಯ ಜೊತೆ ಹೋಗುತ್ತೇನೆ. ಹೆದರಿಕೆ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ನೀನು ಓಡಿ ಬರಬೇಡ. ಮೊದಲು ಅಲ್ಲೇ ಆಸ್ಪತ್ರೆಗೆ ಹೋಗು, ಒಣಮೀನನ್ನೂ ಬಿಟ್ಟು ಹೋಗು. ನೋವಿಲ್ಲ ಎಂದು ಮಾತ್ರ ಇನ್ನೊಮ್ಮೆ ಬರೆಯಬೇಡ. ನನಗೂ ಒಂದಿಷ್ಟೂ ನೋವಿಲ್ಲ ಜಟ್ಟ, ಈಗಲೂ ಇಲ್ಲ.