ಕಿಲುಬಿನಲ್ಲಿ ಉಳಿದ ರೇಷ್ಮೆ

ಅಪ್ಪ,

ನೀನು ಹೋಗಿ ವರ್ಷವಾಯಿತೆಂದು ಸುಮ್ಮನಿರಲಾರೆ. ನಿನ್ನ ಮೇಲೆ ವಿಪರೀತ ಸಿಟ್ಟು ಬಂದಿದೆ.

ನನ್ನ ಪಿಎಚ್‌ಡಿಯ ಆ ಚಿತ್ರ ನಿನಗೂ ಗೊತ್ತು. ಚೀನಾದ ಗೋರಿಯೊಂದರಲ್ಲಿ ಸಿಕ್ಕ, ಮೂರು ಸಾವಿರ ವರ್ಷ ಹಳೆಯ ಕಂಚಿನ ಪಾತ್ರೆ. ಅದಕ್ಕೆ ಸುತ್ತಿದ್ದ ರೇಷ್ಮೆ ಕೊಳೆತುಹೋಗಿ, ನೇಯ್ಗೆಯ ಅಚ್ಚು ಮಾತ್ರ ಕಿಲುಬಿನಲ್ಲಿ ಉಳಿದಿದೆ. ಹಳೆಯ ಚೀನೀ ಗ್ರಂಥಗಳನ್ನೆಲ್ಲ ಜಾಲಾಡಿ, ಆ ವಿನ್ಯಾಸದ ಬಗ್ಗೆ ನಲವತ್ತು ಪುಟ ಬರೆದಿದ್ದೆ.

ಇವತ್ತು ಕಾಫಿ ತಂದ ಅಮ್ಮ ಚಿತ್ರದತ್ತ ಒಮ್ಮೆ ನೋಡಿ, “ಇದು ಬಟ್ಟೆ ಹಿಂಬದಿ ಕಣೇ. ಎಳೆಗಳೆಲ್ಲ ಜೋತಾಡ್ತಿರೋದು ಕಾಣಲ್ವಾ?” ಎಂದಳು.

ನಲವತ್ತು ಪುಟವೂ ಉಲ್ಟಾ! ದೊಡ್ಡಬಳ್ಳಾಪುರದಲ್ಲಿ ಮಗ್ಗದ ಪಕ್ಕದಲ್ಲೇ ಮಲಗಿ ಬೆಳೆದವಳು ನಾನು.

“ಅಪ್ಪನಿಗೂ ಗೊತ್ತಾಗ್ಲಿಲ್ವಾ?” ಎಂದು ರೇಗಿದೆ.

“ನೀನು ಚಿತ್ರ ತೋರಿಸಿದಾಗ್ಲೇ ಅವರಿಗೆ ಗೊತ್ತಾಗಿತ್ತು. ಹೇಳೋಕೆ ಬಂದ್ರೆ, ‘ಇದು ಸೀರೆ ಅಲ್ಲಪ್ಪ, ಇತಿಹಾಸ’ ಅಂದ್ಬಿಟ್ಟೆ ನೀನು. ಸುಮ್ನೆ ಹೋಗಿ ಮಗ್ಗ ಆನ್ ಮಾಡಿದ್ರು.”

ಇನ್ನೊಂದು ಸಲ ಹೇಳುವುದಕ್ಕೇನಾಗಿತ್ತು ನಿನಗೆ? ಪಕ್ಕದ ಮನೆಯ ಮಗ್ಗದಲ್ಲಿ ಒಂದು ಎಳೆ ಕಡಿದುಹೋದದ್ದು ಕಂಡರೂ, ಅವರು ಬಂದು ನೋಡುವವರೆಗೆ ಬಿಡದೆ ಕೂಗುತ್ತಿದ್ದವನು ನೀನು.