ಬಾಗಿಲಿಲ್ಲದ ಕೋಟೆ

ಅತ್ತೆ,

ಹೊಲಿಗೆ ಕಾರ್ಖಾನೆಯ ಬಸ್ಸು ಇವತ್ತು ಬೇಗ ಬರುತ್ತದೆ. ನಿದ್ದೆಯಲ್ಲಿದ್ದಿರಿ, ಎಬ್ಬಿಸಲಿಲ್ಲ. ಹರೀರಾ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಂಡೇ ಕುಡಿಯಿರಿ. ನಾದಿಟ್ಟ ಹಿಟ್ಟನ್ನು ಪಕ್ಕದ ಮನೆಯ ಝುಹೂರ್ ರೊಟ್ಟಿ ಸುಡಿಸಲು ಬೀದಿಯ ಭಟ್ಟಿಗೆ ಒಯ್ಯುತ್ತಾಳೆ.

ಟ್ಯಾಬ್ ಚಾರ್ಜಿಗೆ ಹಾಕಿದ್ದೇನೆ. ಆಟದಲ್ಲಿ ನಾವಿಬ್ಬರೂ ಕಟ್ಟುತ್ತಿರುವ ಆ ರಾಜರ ಕಾಲದ ಹಳ್ಳಿಯನ್ನು ಈಗಷ್ಟೇ ನೋಡಿದೆ. ನನ್ನ ಕಾವಲುಗೋಪುರ ಕೆಡವಿದ್ದೀರಿ. "ಅಷ್ಟೆತ್ತರ ನಿಂತ್ರೆ ಎಲ್ರ ಮನೆ ತಾರಸಿ ಕಾಣುತ್ತೆ, ಹೆಂಗಸ್ರು ಬಟ್ಟೆ ಒಣಗ್ಹಾಕೋದು ಹೆಂಗೆ?" ಅಂತ ಮೊದಲೇ ಗೊಣಗಿದ್ದಿರಿ. ಹೋಗಲಿ. ಆದರೆ ಆ ಕಲ್ಲನ್ನೆಲ್ಲ ಗೋಡೆಗೇ ಸುರಿದಿದ್ದೀರಲ್ಲ. ಊರ ಸುತ್ತ ಕೋಟೆ ಎದ್ದಿದೆ, ಒಂದು ಬಾಗಿಲಿಲ್ಲ. ಉಪ್ಪಿನ ವ್ಯಾಪಾರಿಗಳು ಕತ್ತೆಗಳ ಜೊತೆ ಹೊರಗೇ ನಿಂತಿದ್ದಾರೆ.

ಉಳಿದ ಕಲ್ಲು ಒಂದೇ ಕಟ್ಟಡಕ್ಕೆ ಸಾಲುತ್ತದೆ. ಗೋಡೆ ಇನ್ನೂ ಎತ್ತರಿಸಬೇಡಿ. ಹಮ್ಮಾಮ್ ಕಟ್ಟಿ, ಊರಿನ ಹೆಂಗಸರು ಒಟ್ಟಿಗೆ ಕೂತು ಬಿಸಿನೀರ ಸ್ನಾನ ಕಾಣಲಿ.

ಮಾವ ತೀರಿಹೋಗಿ ಇವತ್ತಿಗೆ ನಾಲ್ಕು ತಿಂಗಳು ಹತ್ತು ದಿನ. ನೀವು ಬಿಳಿ ಬಟ್ಟೆಯುಟ್ಟು ಮನೆಯೊಳಗೇ ಕೂರಬೇಕಾದ ಶೋಕದ ಅವಧಿ ಮುಗಿಯಿತು. "ಬಿಳಿ ಬಟ್ಟೆ ತೆಗೆದು ಎಲ್ಲಿಗ್ ಹೋಗ್ಲಿ? ಹೊರಗ್ ನಂಗ್ಯಾರಿದ್ದಾರೆ?" ಎಂದು ನಿನ್ನೆ ಕೇಳಿದಿರಿ. ನಾನು ಪಾತ್ರೆ ತೊಳೆದೆ. ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ನಾಳೆ ರಜೆ ಹಾಕಿದ್ದೇನೆ. ಬೀದಿ ತುದಿಯ ಹಮ್ಮಾಮಿಗೆ ಇಬ್ಬರೂ ಹೋಗೋಣ. ಬಕೆಟ್, ಕಪ್ಪು ಸಾಬೂನು, ಮಾವ ತಂದಿದ್ದ ನಿಮ್ಮ ಹಸಿರು ನಿಲುವಂಗಿ ಹೊಸ್ತಿಲ ಹತ್ತಿರ ಇಟ್ಟಿದ್ದೇನೆ. ನಿಮ್ಮ ಬೆನ್ನು ನಾನು ಉಜ್ಜುತ್ತೇನೆ.

ಆ ಕೋಟೆಗೆ ಬಾಗಿಲಿಡಲು ಕಲ್ಲೇನೂ ಬೇಡ, ಅತ್ತೆ. ಸಂಜೆಯೊಳಗೆ ಒಂದು ಇಡಿ. ಪಾಪ, ಕತ್ತೆಗಳು ಎಷ್ಟು ಹೊತ್ತು ನಿಂತಾವು.

ತುರಯ್ಯಾ